ಅಡಿಸ್ ಅಬಾಬಾದಿಂದ ಅಮ್ಮನಿಗೆ

ಅಮ್ಮಾ,

ನಮಸ್ಕಾರ. ನಾನಿಲ್ಲಿ ಕ್ಷೇಮ. ಫೋನ್ ಮಾಡಿದಾಗೆಲ್ಲ ನೀನು ಕೇಳುವುದು ಒಂದೇ, "ಊಟಕ್ಕೇನು ಮಾಡ್ಕೊಳ್ತೀಯೆ?" ಅಷ್ಟರಲ್ಲಿ ಲೈನ್ ಕಟ್ಟಾಗುತ್ತೆ. ಅದಕ್ಕೇ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಇಥಿಯೋಪಿಯಾದ ಈ ರಾಜಧಾನಿಯಲ್ಲಿ ಆರ್ಥಡಾಕ್ಸ್ ಕ್ರೈಸ್ತರೇ ಹೆಚ್ಚು. ಅವರಿಗೆ ಬುಧವಾರ, ಶುಕ್ರವಾರ ಉಪವಾಸ. ಮಾಂಸ, ಮೊಟ್ಟೆ ಹೋಗಲಿ, ಹಾಲು-ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಈಸ್ಟರ್‌ಗೆ ಮುಂಚೆ 55 ದಿನ ಇದೇ ವ್ರತ. ಏಕಾದಶಿಗೂ ತುಪ್ಪ ಬಿಡದ ನಮ್ಮವರಿಗಿಂತ ಇವರ ನೇಮ ಜೋರು! ಹಾಗಾಗಿ ಹೋಟೆಲಿನಲ್ಲಿ ಉಪವಾಸದ ಊಟ ಅಂದರೆ ಸಾಕು, ದೊಡ್ಡ ತಟ್ಟೆಯಗಲದ ಇಂಜೆರಾ ಹಾಸಿ, ಅದರ ಮೇಲೆ ಕಡಲೆಹಿಟ್ಟಿನ ಶಿರೋ, ಖಾರದ ಬೇಳೆ, ಎಲೆಕೋಸು, ಬೀಟ್‌ರೂಟ್ ಬಡಿಸಿ ತರುತ್ತಾರೆ. ಇಂಜೆರಾ ಅಂದರೆ ಟೆಫ್ ಅನ್ನುವ ತೀರಾ ಸಣ್ಣ ಕಾಳಿನ ಹಿಟ್ಟು ಹುಳಿ ಬರಿಸಿ ಒಂದೇ ಮಗ್ಗುಲು ಬೇಯಿಸಿದ ದೋಸೆ. ಹುಳಿ ಮಾತ್ರ ವಿಪರೀತ.

ಊರು 1886ರಲ್ಲಿ ದೊರೆ ಎರಡನೇ ಮೆನೆಲಿಕ್, ರಾಣಿ ತೈತು ಕಟ್ಟಿಸಿದ್ದು. ಸುತ್ತಲ ಕಾಡೆಲ್ಲ ಸೌದೆಗೆ ಹೋದಮೇಲೆ ಆಸ್ಟ್ರೇಲಿಯಾದ ನೀಲಗಿರಿ ತರಿಸಿ ನೆಟ್ಟರಂತೆ. ಎಂಟೊಟೊ ಗುಡ್ಡದ ಮೇಲೆ ಈಗ ಎಲ್ಲಿ ನೋಡಿದರೂ ಅದೇ. ಊರಿನ ಎತ್ತರ ಸುಮಾರು 2,350 ಮೀಟರ್. ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ಕೂತ ಊರು! ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಸ್ವೆಟರ್ ಬೇಕೇಬೇಕು. ಆಫ್ರಿಕನ್ ಒಕ್ಕೂಟದ ಕೇಂದ್ರ ಕಚೇರಿ ಇರುವುದೂ ಇಲ್ಲೇ.

ಗಡಿಯಾರ ಎಣಿಸುವುದು ಬೆಳಗಿನಿಂದ. ನಮ್ಮ ಏಳು ಇವರ ಒಂದು ಗಂಟೆ. "ಮೂರಕ್ಕೆ ಬಾ" ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕು. ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದಕ್ಕೆ ಐದೋ ಆರೋ ದಿನ. ಹೊಸ ವರ್ಷ ಸೆಪ್ಟೆಂಬರ್‌ನಲ್ಲಿ, ಮಳೆ ಹಿಂದೆ ಸರಿಯುವಾಗ.

ಇನ್ನು ಇದನ್ನು ಅಪ್ಪಯ್ಯನಿಗೆ ಓದಿ ಹೇಳು. ಪಕ್ಕದ ಮನೆಯಾಕೆ ಮೊನ್ನೆ ಕಾಫಿಗೆ ಕರೆದಿದ್ದರು. ನೆಲಕ್ಕೆ ಹಸಿ ಹುಲ್ಲು ಹಾಸಿ, ನಮ್ಮೆದುರೇ ಬೀಜ ತೊಳೆದು, ಇದ್ದಿಲ ಮೇಲೆ ಹುರಿದರು. ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆ ಹಿಡಿಯುತ್ತಾರೆ, ಮೂಸಬೇಕು. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಉದ್ದ ಕೊರಳಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಾರೆ. ಜೊತೆಗೆ ಜೋಳದ ಅರಳು. ಅದೇ ಪುಡಿಗೆ ನೀರು ಹಾಕಿ ಮೂರು ಸುತ್ತು, ನಡುವೆ ಏಳುವಂತಿಲ್ಲ. ಬಾಬಾ ಬುಡನ್ ಬೀಜ ತಂದದ್ದು ಯೆಮನ್‌ನಿಂದ ಅಂತಾರಲ್ಲ, ಆ ಗಿಡದ ತವರು ಈ ದೇಶ. ಆದರೆ ಹಾಲು ಹಾಕುವುದಿಲ್ಲ, ಅಪ್ಪಯ್ಯನಿಗೆ ಒಗ್ಗಲಿಕ್ಕಿಲ್ಲ.

ಸಾರಿನ ಪುಡಿ ಮುಗಿಯುತ್ತ ಬಂತು. ಈ ಕಡೆ ಬರುವವರು ಯಾರಾದರೂ ಇದ್ದರೆ ಅರ್ಧ ಕಿಲೋ ಕಳಿಸು, ಖಾರ ಕಡಿಮೆ ಇರಲಿ; ಇಲ್ಲಿನ ಬೆರ್ಬೆರೆ ಪುಡಿಯೇ ಸಾಕಷ್ಟು ಉರಿಸುತ್ತಿದೆ.

ನಿನ್ನ ಮಗಳು