ಪೋಷಕರ ಸಭೆಯಲ್ಲಿ ಪೋಷಕರೇ ಬಾಯಿ ಬಿಡುವಂತಿಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ಬಡಾವಣೆಯ ಶಾಲೆಯಲ್ಲಿ ಶನಿವಾರ ನಡೆದ ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) ಅರಿವು ಕಾರ್ಯಕ್ರಮದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ‘ಪೋಷಕರು ಹೆಚ್ಚಿನ ಸಂಖ್ಯೆಯಲ್ಲಿ ಪಾಲ್ಗೊಂಡು ಪ್ರಯೋಜನ ಪಡೆದರು’ ಎಂದು ಬರೆದಿದ್ದೀರಿ. ನಾನೂ ಆ ಸಭೆಯಲ್ಲಿದ್ದೆ. ಏನು ಪ್ರಯೋಜನ ಆಯಿತು ಅಂತ ನಿಮ್ಮ ವರದಿಗಾರರು ನಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ. ಶಾಲು ಹೊದಿಸುವ ಫೋಟೊ ತೆಗೆದುಕೊಂಡು ಹೋದವರು ಮತ್ತೆ ಆ ಕಡೆ ಕಾಣಲಿಲ್ಲ.

ಹತ್ತು ಗಂಟೆಗೆ ಸರಿಯಾಗಿ ಬರಬೇಕು, ತಪ್ಪಿಸಿದವರ ಮಕ್ಕಳ ಡೈರಿಯಲ್ಲಿ ಬರೆಯುತ್ತೇವೆ ಎಂದು ಶಾಲೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದ್ದರು. ನಾನು ಬ್ಲೌಸ್ ಹೊಲಿದು ಬದುಕುವವಳು. ಇದು ಮದುವೆ ಸೀಸನ್. ಸಂಜೆ ಕೊಡಬೇಕಿದ್ದ ಬ್ಲೌಸುಗಳಿಗೆ ಹುಕ್ ಹಾಕುವುದನ್ನು ಹಾಗೇ ಬಿಟ್ಟು, ಅಂಗಡಿಯ ಶಟರ್ ಎಳೆದು ಓಡಿದೆ. ಪಕ್ಕದಲ್ಲಿ ಕೂತಿದ್ದಾಕೆ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು, ಅವರಿಗೆ ಸಂಬಳ ಕಟ್. ಮುಖ್ಯ ಅತಿಥಿಗಳು ಬಂದಾಗ ಹನ್ನೆರಡೂವರೆ ದಾಟಿತ್ತು. ಶಾಮಿಯಾನ ವೇದಿಕೆಗೆ ಮಾತ್ರ, ನಮಗೆ ನೆತ್ತಿ ಸುಡುವ ಬಿಸಿಲು. ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದವರಿಗೆ ಕುಡಿಯಲು ನೀರಿಲ್ಲ. ವೇದಿಕೆಯ ಮೇಲೆ ಒಬ್ಬೊಬ್ಬರ ಮುಂದೂ ನೀರಿನ ಬಾಟಲಿ, ಗೋಡಂಬಿ ತಟ್ಟೆ. ಮಾರನೇ ದಿನ ಬೈಗುಳ ತಿಂದದ್ದು ನಾನು. ಮದುವೆ ಮನೆಯವರಿಗೆ ಏನು ಉತ್ತರ ಹೇಳಲಿ?

ಕೆಲಸ ಕೆಟ್ಟರೂ ಚಿಂತೆ ಇರಲಿಲ್ಲ, ನಾಲ್ಕು ಒಳ್ಳೆ ಮಾತು ತಿಳಿದಿದ್ದರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಮೈಸೂರು ಪೇಟ ಎಲ್ಲಾ ಆಯಿತು. ಆಮೇಲೆ ಅಧಿಕಾರಿಯೊಬ್ಬರು ಭಾಷಣಕ್ಕೆ ನಿಂತರು. ಹೆಣ್ಣುಮಕ್ಕಳಿಗೆ ಮೈತುಂಬ ಬಟ್ಟೆ ಹಾಕಿ, ಮೊಬೈಲ್ ಕೊಡಬೇಡಿ, ಗುರುತಿಲ್ಲದವರು ಚಾಕೊಲೇಟ್ ಕೊಟ್ಟರೆ ತಿನ್ನಬೇಡ ಅಂತ ಹೇಳಿಕೊಡಿ, ಅಷ್ಟೇ. ತಾಯಂದಿರು ಧಾರಾವಾಹಿ ನೋಡುವುದು ಬಿಟ್ಟರೆ ಎಲ್ಲಾ ಸರಿ ಹೋಗುತ್ತದೆ ಅಂತಲೂ ಅಂದರು. ನನಗೆ ಮೈಯೆಲ್ಲಾ ಉರಿದುಹೋಯಿತು.

ಗುರುತಿಲ್ಲದವರಂತೆ! ಪೋಕ್ಸೊ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಕಡೆ ಆರೋಪಿ ಮಗುವಿಗೆ ಗೊತ್ತಿರುವವನೇ ಎಂದು ದೇಶದ ಅಪರಾಧಗಳ ಲೆಕ್ಕ ಇಡುವ ಸರ್ಕಾರದ ಸಂಸ್ಥೆ ಎನ್‌ಸಿಆರ್‌ಬಿ ವರದಿಗಳೇ ಹೇಳುತ್ತವೆ. ನೆಂಟ, ಪಕ್ಕದ ಮನೆಯವನು, ಮನೆಗೆ ಬಂದು ಹೋಗುವ ಸ್ನೇಹಿತ, ಪಾಠ ಹೇಳುವವನು. ಹೆಣ್ಣುಮಕ್ಕಳ ಬಟ್ಟೆ ಅಂತ ಬೇರೆ. ನನಗಿರುವುದು ಮೂರನೇ ಕ್ಲಾಸಿನ ಗಂಡು ಮಗ. ಗಂಡುಮಕ್ಕಳ ವಿಷಯ ಆ ವೇದಿಕೆಯಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲೇ ವರದಿ ಕೊಟ್ಟಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳೇ! ಪೋಕ್ಸೊ ಕಾಯ್ದೆ 18 ತುಂಬದ ಹುಡುಗ, ಹುಡುಗಿ ಇಬ್ಬರಿಗೂ ಒಂದೇ. ಇದನ್ನು ಓದಿಕೊಳ್ಳದೆ ಮೈಕ್ ಮುಂದೆ ನಿಲ್ಲುವುದು ಎಷ್ಟು ಸರಿ?

ಅವತ್ತು ಸರಿಯಾಗಿ ಮಾತಾಡಿದ್ದು ಒಬ್ಬರೇ, ಮಕ್ಕಳ ರಕ್ಷಣಾ ಘಟಕದಿಂದ ಬಂದಿದ್ದ ಆಪ್ತ ಸಮಾಲೋಚಕಿ. ಮಗು ಏನಾದರೂ ಹೇಳಿದರೆ ಮೊದಲು ನಂಬಿ, ಕಿರುಚಾಡಬೇಡಿ, ‘ನೀನ್ಯಾಕೆ ಅಲ್ಲಿಗೆ ಹೋದೆ’ ಅಂತ ಕೇಳಬೇಡಿ, ‘ನಿನ್ನ ತಪ್ಪಲ್ಲ, ಹೇಳಿದ್ದು ಒಳ್ಳೇದಾಯ್ತು’ ಅನ್ನಿ ಅಂದರು. ಮಗು ಇಷ್ಟ ಇಲ್ಲ ಅಂದರೂ ‘ಮಾಮಂಗೆ ಒಂದು ಮುತ್ತು ಕೊಡು’ ಅಂತ ತೊಡೆ ಮೇಲೆ ಕೂರಿಸುವುದನ್ನು ಬಿಡಿ ಅಂದರು. ಸುತ್ತ ಇದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿ ಕಿವಿಗೊಟ್ಟರು. ನಾವು ಎಲ್ಲರೂ ಮಾಡುವುದು ಅದನ್ನೇ ಅಲ್ವಾ?

ಆಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ‘ಮೇಡಂ, ನಮ್ ಮೊಮ್ಮಗಳು ಈಗೀಗ ಟ್ಯೂಷನ್‌ಗೆ ಹೋಗಲ್ಲ ಅಂತ ಅಳ್ತಾಳೆ. ಹೊರಡೋ ಹೊತ್ತಿಗೆ ಹೊಟ್ಟೆನೋವು ಅಂತಾಳೆ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಶುರುವಾಗಿದೆ. ಏನ್ ಮಾಡ್ಲಿ?’ ಎಂದು ಕೇಳಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ತಡವರಿಸುತ್ತಾ ಕೇಳಿದರು. ಇಡೀ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು. ಸಮಾಲೋಚಕಿ ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ನಿರೂಪಕರು ಮೈಕ್ ಕಿತ್ತುಕೊಂಡು, ‘ಅಜ್ಜಿ, ಅದೆಲ್ಲ ಸಭೆಯಲ್ಲಿ ಕೇಳೋದಲ್ಲ, ಆಮೇಲೆ ಪರ್ಸನಲ್ ಆಗಿ ಕೇಳಿ, ಸಾಹೇಬ್ರಿಗೆ ಇನ್ನೊಂದು ಕಾರ್ಯಕ್ರಮ ಇದೆ’ ಅಂದರು. ಯಾರೋ ನಕ್ಕರು. ವಂದನಾರ್ಪಣೆ ಶುರುವಾಯಿತು. ಅಜ್ಜಿ ಕೂತರು. ಕಾರ್ಯಕ್ರಮ ಮುಗಿದ ಮೇಲೆ ಹುಡುಕಿದೆ, ಹೊರಟುಹೋಗಿದ್ದರು. ಆ ಮಗುವಿನ ಗತಿ ಏನು? ಸನ್ಮಾನಕ್ಕೆ ಮುಕ್ಕಾಲು ಗಂಟೆ ಇತ್ತು, ಆ ಅಜ್ಜಿಗೆ ಐದು ನಿಮಿಷ ಇರಲಿಲ್ಲವೇ?

ಪೋಕ್ಸೊ ಕೈಪಿಡಿಗಳ ಕಟ್ಟು, ಸುತ್ತಿದ ದಾರವನ್ನೂ ಬಿಚ್ಚದೆ ಮೇಜಿನ ಕೆಳಗೆ ಬಿದ್ದಿತ್ತು. ನಾನೇ ಕೇಳಿ ಒಂದು ಎಳೆದುಕೊಂಡು ಬಂದೆ. ನಮ್ಮ ಕಸ್ಟಮರ್ ಒಬ್ಬರು ವಕೀಲರು, ಗೊತ್ತಾಗದ್ದನ್ನು ಅವರ ಹತ್ತಿರ ಕೇಳಿ ತಿಳಿದುಕೊಂಡೆ. ಹೇಳಿಕೆ ಕೊಡಲು ಮಗು ಸ್ಟೇಷನ್ ಮೆಟ್ಟಿಲು ಹತ್ತಬೇಕಿಲ್ಲ. ಪೊಲೀಸರೇ ಯೂನಿಫಾರ್ಮ್ ಇಲ್ಲದೆ ಮನೆಗೋ ಮಗು ಹೇಳಿದ ಜಾಗಕ್ಕೋ ಬರಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ರಾತ್ರಿ ಮಗುವನ್ನು ಸ್ಟೇಷನ್ನಿನಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಹೆಸರು, ಮನೆ, ಶಾಲೆ ಯಾವುದೂ ಪೇಪರಿನಲ್ಲಿ ಬರುವಂತಿಲ್ಲ. ಚಿಕಿತ್ಸೆ ಕೊಡಲು ಆಸ್ಪತ್ರೆಯವರು ಮೊದಲು ಪೊಲೀಸ್ ಕಾಗದ ತನ್ನಿ ಅನ್ನುವಂತಿಲ್ಲ. ಗೊತ್ತಿದ್ದೂ ದೂರು ಕೊಡದೆ ಮುಚ್ಚಿಟ್ಟರೆ ಅದೂ ಅಪರಾಧ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳಲ್ಲ. ಮಾನ ಹೋಗುತ್ತದೆ, ಸ್ಟೇಷನ್ ಅಲೆಯಬೇಕು ಅಂತ ಹೆದರಿಯೇ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಇಷ್ಟು ಹೇಳಿದ್ದರೆ ಸಾಕಿತ್ತು, ಕಾಲು ಗಂಟೆಯ ಮಾತು.

ಪೋಷಕರಿಗೆ ತಿಳಿಸುವುದು ಇವರು ಮಾಡುವ ಉಪಕಾರವೇನಲ್ಲ. ಟಿವಿ, ರೇಡಿಯೊ, ಪತ್ರಿಕೆಗಳ ಮೂಲಕ ಜನರಿಗೆ, ಮಕ್ಕಳಿಗೆ, ಹೆತ್ತವರಿಗೆ ಆಗಾಗ ತಿಳಿಸುತ್ತಿರಬೇಕು ಎಂದು ಕಾಯ್ದೆಯ 43ನೇ ಸೆಕ್ಷನ್ನಿನಲ್ಲೇ ಇದೆಯಂತೆ. ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ಕ್ಕೆ. ಇಷ್ಟು ವರ್ಷವಾದರೂ ನಮ್ಮ ಬಡಾವಣೆಗೆ ಬಂದದ್ದು ಮಕ್ಕಳ ದಿನಾಚರಣೆಯ ಲಾಡು ಮಾತ್ರ.

ಶಾಲೆಯ ಗೋಡೆಯ ಮೇಲೆ 1098 ಬರೆಸಿದ್ದಾರೆ, ನಿಜ. ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದಾರೆ. ಮಕ್ಕಳ ದೂರು ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿದೆ. ಕೀ ಹಿಂದಿನ ಹೆಡ್‌ಮಾಸ್ಟರ್ ಹತ್ತಿರ ಇದೆ ಅನ್ನುತ್ತಾರೆ, ಅವರಿಗೆ ವರ್ಗವಾಗಿದೆ. ಶಾಲೆಯ ಹಿಂದಿನ ಓಣಿಯಲ್ಲಿ ಬೀದಿದೀಪ ಉರಿಯಲ್ಲ. ಟ್ಯೂಷನ್ ಮುಗಿಸಿ ಮಕ್ಕಳು ಬರುವ ದಾರಿ ಅದು. ಅರ್ಜಿ ಕೊಡಲು ಹೋದರೆ ನಗರಸಭೆಯಲ್ಲಿ ‘ಕಂಟ್ರಾಕ್ಟರ್ ಬಿಲ್ ಆಗಿಲ್ಲ’ ಎಂಬ ಹಳೇ ಉತ್ತರ. ಒಳಚರಂಡಿಗೆ ಅಗೆದ ಗುಂಡಿ ಮಳೆಗಾಲ ಕಳೆದರೂ ಮುಚ್ಚಿಲ್ಲ. ಆದರೆ ಅತಿಥಿಗಳ ಕಾರು ಬರುತ್ತದೆ ಅಂತ ಶುಕ್ರವಾರ ರಾತ್ರಿಯೇ ಶಾಲೆಯ ಗೇಟಿನ ಮುಂದೆ ಜಲ್ಲಿ ಹಾಕಿಸಿದರು. ಆಗ ಮಾತ್ರ ಕಂಟ್ರಾಕ್ಟರ್ ಸಿಕ್ಕಿದರು.

ಇನ್ನೊಂದು ಮಾತು. ಸಭೆಗೆ ಬಂದಿದ್ದವರೆಲ್ಲ ಹೆಂಗಸರೇ. ಗಂಡಸರು ಬೈಕಿನಲ್ಲಿ ಬಿಟ್ಟು ಹೋದರು. ಮಕ್ಕಳು ಅವರವೂ ತಾನೆ?

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಾಗಲಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ ಆಗಲಿ, ಯಾರಾದರೂ ಸರಿ, ಈ ಸಭೆ ಇನ್ನೊಂದು ಸಲ ಮಾಡಿಸಿ. ಭಾನುವಾರ ಇಡಿ, ಗಂಡಸರನ್ನೂ ಕರೆಸಿ, ಹಾರ ಶಾಲು ಬೇಡ, ಆ ಸಮಾಲೋಚಕಿಯವರೊಬ್ಬರನ್ನೇ ಕಳಿಸಿ. ಆ ಅಜ್ಜಿಯ ಮನೆ ಶಾಲೆಯವರಿಗೆ ಗೊತ್ತಿರುತ್ತದೆ. ಸಭೆ ಆಗುವ ತನಕ ಕಾಯದೆ ಯಾರಾದರೂ ಇವತ್ತೇ ಹೋಗಿ, ಸದ್ದಿಲ್ಲದೆ ಆ ಮಗುವನ್ನು ಮಾತಾಡಿಸಲಿ. ದೀಪವನ್ನೂ ಹಾಕಿಸಿ, ಪೆಟ್ಟಿಗೆಯ ಬೀಗವನ್ನೂ ಒಡೆಸಿ. ಆಗಲ್ಲ ಅಂದರೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ಫೋಟೊಗೋಸ್ಕರ ನಮ್ಮನ್ನು ಬಿಸಿಲಲ್ಲಿ ಕೂರಿಸಬೇಡಿ. ಸಂಬಳ ತಗೊಳ್ಳುವುದು ನಮ್ಮ ದುಡ್ಡಿನಲ್ಲಿ ಅನ್ನುವುದಾದರೂ ನೆನಪಿರಲಿ.

— ಮೂರನೇ ತರಗತಿ ಹುಡುಗನ ತಾಯಿ
(ಹೆಸರು ಹಾಕಬೇಡಿ, ಮಗ ಅದೇ ಶಾಲೆಯಲ್ಲಿ ಓದುತ್ತಿದ್ದಾನೆ)