ರಾತ್ರಿ ಪಾಳಿಯ ಲ್ಯಾಬ್ ಮೇಡಂಗೆ, ಕೈಪಿಡಿ ಅಚ್ಚಿಗೆ ಹೋದ ಸಂದರ್ಭದಲ್ಲಿ

ಹಸುಗೂಸುಗಳ ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕು ಮೈಗೆಲ್ಲ ಏರಿ ಜೀವಕ್ಕೇ ಅಪಾಯ ತರುವ ಸ್ಥಿತಿಯಲ್ಲಿ, ಬಿಳಿರಕ್ತಕಣಗಳನ್ನು ಓದುವುದು ಹೇಗೆ ಎಂಬ ನಮ್ಮ ಕನ್ನಡ ಕೈಪಿಡಿ ಅಚ್ಚಿಗೆ ಹೋಗಿದೆ. ಕೆಲಸ ಹೇಗೆ ಶುರುವಾಯಿತು, ಎಲ್ಲೆಲ್ಲಿ ನಿಂತಿತು ಎನ್ನುವುದು ಜೊತೆಗಿದ್ದವರಿಗೆಲ್ಲ ಗೊತ್ತೇ ಇದೆ. ರಕ್ತದ ಮಾದರಿ ತೆಗೆದುಕೊಟ್ಟ ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಸಿಸ್ಟರ್‌ಗಳು, ಕರಡು ತಿದ್ದಿದ ಮಕ್ಕಳ ಡಾಕ್ಟರುಗಳು, ಸ್ಲೈಡ್ ಚಿತ್ರಗಳ ಬಣ್ಣ ಸರಿಬರುವ ತನಕ ಬೇಸರಿಸದೆ ಪ್ರೂಫ್ ತೆಗೆದ ಪ್ರೆಸ್‌ನವರು, ಎಲ್ಲರಿಗೂ ಮನಸಾರೆ ವಂದನೆ. ಉಳಿದ ಮಾತೆಲ್ಲ ರಾತ್ರಿ ಪಾಳಿಯ ಲ್ಯಾಬ್ ಮೇಡಂ ಅವರಿಗೆ ಸೇರಬೇಕಾದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಅವರ ಋಣ ಎಷ್ಟೆಂದು ತಿಳಿಯಬೇಕಾದರೆ ಮಗುವಿನ ರಕ್ತದೊಳಗೆ ಏನು ನಡೆಯುತ್ತದೆ ಎನ್ನುವುದು ಗೊತ್ತಿರಬೇಕು. ನವಜಾತ ಶಿಶುವಿನ ಅಸ್ಥಿಮಜ್ಜೆಯಲ್ಲಿ, ಸೋಂಕಿನೊಡನೆ ಮೊದಲು ಹೋರಾಡುವ ಬಿಳಿಕಣಗಳಾದ ನ್ಯೂಟ್ರೋಫಿಲ್‌ಗಳ ದಾಸ್ತಾನು ದೊಡ್ಡವರಿಗೆ ಹೋಲಿಸಿದರೆ ತೀರಾ ಕಡಿಮೆ. ತಿಂಗಳು ತುಂಬದ ಮಗುವಿಗೆ ಇನ್ನೂ ಕಡಿಮೆ. ದೊಡ್ಡವರಿಗೆ ಸೋಂಕು ತಗುಲಿದಾಗ ಸಾಮಾನ್ಯವಾಗಿ ಬಿಳಿಕಣಗಳ ಲೆಕ್ಕ ಏರುತ್ತದೆ. ಕೂಸಿನಲ್ಲಿ ಕೆಲವೇ ಗಂಟೆಗಳಲ್ಲಿ ಕಣಜ ಬರಿದಾಗಿ ಲೆಕ್ಕ ಇಳಿದುಬಿಡಬಹುದು. ಅಷ್ಟರೊಳಗೆ ಮಜ್ಜೆ ಬಲಿಯದ ಕಣಗಳನ್ನೇ ರಕ್ತಕ್ಕೆ ಬಿಡತೊಡಗಿರುತ್ತದೆ. ಆ ಎಳೆ ಕಣಗಳ ಸಂಖ್ಯೆಯನ್ನು ಒಟ್ಟು ನ್ಯೂಟ್ರೋಫಿಲ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ಐ/ಟಿ ಅನುಪಾತ. 50ರಲ್ಲಿ 12 ಎಳೆಯವಾದರೆ 0.24. ಇದು 0.2 ದಾಟಿದರೆ ಎಚ್ಚರ, 0.8 ದಾಟಿದರೆ ಕಣಜದ ತಳ ಕಾಣುತ್ತಿದೆ ಎಂದೇ ತಿಳಿಯಬೇಕು. ಕಣ ಎಣಿಸುವ ಸಾಮಾನ್ಯ ಯಂತ್ರ, ಸೆಲ್ ಕೌಂಟರ್, ಇದನ್ನು ಹೇಳುವುದಿಲ್ಲ. ಕಣ್ಣಿಟ್ಟು ಎಣಿಸುವವರು ಬೇಕು, ನಡುರಾತ್ರಿಯಲ್ಲೂ ಬೇಕು.

ಮೇಡಂ ಎಣಿಸಿದರು. ಅದಕ್ಕೂ ಮೊದಲು, ಎಣಿಕೆ ಎಲ್ಲೆಲ್ಲಿ ಕೆಡುತ್ತದೆ ಎನ್ನುವುದನ್ನು ಎಲ್ಲರಿಗೂ ಕಲಿಸಿದರು. ಒಂದು ಕೆ.ಜಿ. ತೂಕದ ಮಗುವಿನ ಮೈಯಲ್ಲಿರುವ ರಕ್ತ ಒಟ್ಟು 90 ಮಿ.ಲೀ. ಆಸುಪಾಸು. ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ 1 ಮಿ.ಲೀ. ಕೊಟ್ಟ ಮೇಲೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿಗೆ ಅರ್ಧ ಮಿ.ಲೀ. ಸಿಕ್ಕರೆ ದೊಡ್ಡದು. ದೊಡ್ಡವರ ಟ್ಯೂಬಿಗೆ ಅಷ್ಟು ಕಡಿಮೆ ರಕ್ತ ಹಾಕಿದರೆ ಇಡಿಟಿಎ ಹೆಚ್ಚಾಗಿ ಕಣಗಳು ಮುದುಡುತ್ತವೆ, ಅದಕ್ಕೇ ಚಿಕ್ಕ ಟ್ಯೂಬ್. ಹಿಮ್ಮಡಿ ಹಿಂಡಿ ತೆಗೆದರೆ ಊತಕದ ದ್ರವ ಸೇರಿ ಹೆಪ್ಪುಗಟ್ಟುತ್ತದೆ. ಮಗು ಜೋರಾಗಿ ಅತ್ತ ಮೇಲೆ ತೆಗೆದರೆ ಬಿಳಿಕಣಗಳ ಲೆಕ್ಕ ಸುಳ್ಳಾಗಿ ಏರಿರುತ್ತದೆ. ಟ್ಯೂಬ್ ಮೇಜಿನ ಮೇಲೆ ಗಂಟೆಗಟ್ಟಲೆ ಕುಳಿತರೆ ನ್ಯೂಟ್ರೋಫಿಲ್‌ಗಳಲ್ಲಿ ಪೊಳ್ಳುಗಳು ತಾವಾಗಿಯೇ ಮೂಡುತ್ತವೆ. ಓದುವವರು ಅದನ್ನು ಸೋಂಕಿನ ಗುರುತೆಂದು ಬರೆದುಬಿಡುತ್ತಾರೆ. ರಕ್ತ ಬಂದ ತಕ್ಷಣ ಸ್ಮಿಯರ್ (ಗಾಜಿನ ಸ್ಲೈಡಿನ ಮೇಲೆ ರಕ್ತದ ತೆಳು ಪದರ) ಎಳೆಯಲೇಬೇಕೆಂದು ಮೇಡಂ ಪಟ್ಟು ಹಿಡಿದದ್ದು ಈ ಕಾರಣಕ್ಕೆ. ಎಳೆಯುವಾಗ ರಕ್ತ ಹರಡುವ ಸ್ಪ್ರೆಡರ್ ಸ್ಲೈಡನ್ನು ಹೆಚ್ಚು ಬಾಗಿಸುತ್ತಿದ್ದರು, ಏಕೆಂದರೆ ಕೂಸಿನ ರಕ್ತ ಗಟ್ಟಿ, ಕೋನ ಸಣ್ಣದಾದಷ್ಟೂ ಪದರ ತೆಳುವಾಗುತ್ತದೆ. ಕಣಗಳು ಎದ್ದು ಕಾಣಲು ಲೀಶ್‌ಮನ್ ಬಣ್ಣ 2 ನಿಮಿಷ, ಆಮೇಲೆ ಅದರ ಎರಡು ಪಟ್ಟು 6.8 ಪಿಎಚ್ ಬಫರ್ ಹಾಕಿ 8ರಿಂದ 10 ನಿಮಿಷ. ಇನ್ನು ಬ್ಯಾಂಡ್ (ಎಳೆ ನ್ಯೂಟ್ರೋಫಿಲ್) ಯಾವುದು, ಬಲಿತ ಕಣ ಯಾವುದು ಎಂಬ ಜಗಳ ಪ್ರತಿ ಲ್ಯಾಬಿನಲ್ಲೂ ಇದೆ. ಕೋಶಕೇಂದ್ರದ ಅತಿ ಕಿರಿದಾದ ಜಾಗ ಅತಿ ಅಗಲವಾದ ಜಾಗದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಬ್ಯಾಂಡ್, ದಾರದಷ್ಟು ತೆಳ್ಳಗಾಗಿದ್ದರೆ ಬಲಿತದ್ದು. ಈ ಒಂದೇ ನಿಯಮಕ್ಕೆ ಎಲ್ಲರನ್ನೂ ಒಪ್ಪಿಸಿದವರು ಅವರು.

ಅವರಿಂದ ಬಂದ ಇನ್ನೊಂದು ಪುಟವನ್ನು ನಾವು ಕೈಪಿಡಿಯ ಜೀವಾಳ ಎನ್ನುತ್ತೇವೆ. ಹುಟ್ಟಿದ ಮಗುವಿನ ರಕ್ತದಲ್ಲಿ ಕೋಶಕೇಂದ್ರ ಉಳಿದಿರುವ ಕೆಂಪುಕಣಗಳಿರುತ್ತವೆ. ಹಲವು ಯಂತ್ರಗಳು ಅವನ್ನೂ ಬಿಳಿಕಣಗಳ ಲೆಕ್ಕಕ್ಕೆ ಸೇರಿಸುತ್ತವೆ. ಯಂತ್ರ ಒಂದು ಮೈಕ್ರೋಲೀಟರ್ ರಕ್ತಕ್ಕೆ 7,200 ಬಿಳಿಕಣ ಎಂದಿತು, ಸ್ಮಿಯರ್‌ನಲ್ಲಿ 100 ಬಿಳಿಕಣಗಳಿಗೆ ಇಂಥವು 60 ಕಂಡವು ಎಂದುಕೊಳ್ಳಿ. 7,200ನ್ನು 100ರಿಂದ ಗುಣಿಸಿ 160ರಿಂದ ಭಾಗಿಸಿದರೆ ನಿಜವಾದ ಲೆಕ್ಕ 4,500. ಸೆಪ್ಸಿಸ್ ಇದೆಯೇ ಎಂದು ನೋಡುವ ರಕ್ತಪರೀಕ್ಷೆಗಳ ಗುಂಪಾದ ಸೆಪ್ಸಿಸ್ ಸ್ಕ್ರೀನಿನಲ್ಲಿ 5,000ಕ್ಕಿಂತ ಕಡಿಮೆ ಎನ್ನುವುದೇ ಅಪಾಯದ ಗುರುತು. ಸುರಕ್ಷಿತ ಎಂದು ತೋರಿದ ವರದಿ ತಿದ್ದಿದ ಮೇಲೆ ತಿರುಗಿಬೀಳುತ್ತದೆ. ಮಾದರಿಯ ಚೀಟಿಯಲ್ಲಿ ಮಗು ಹುಟ್ಟಿದ ಗಂಟೆ, ತಾಯಿಗೆ ಬಿಪಿ ಇತ್ತೇ, ಮಗು ಹುಟ್ಟಿದಾಗ ಉಸಿರುಗಟ್ಟಿತ್ತೇ ಎಂದು ಬರೆಸಿದ್ದೂ ಅವರೇ. ನ್ಯೂಟ್ರೋಫಿಲ್‌ಗಳು ಹುಟ್ಟಿದ ಮೇಲೆ ಸಹಜವಾಗಿಯೇ ಏರಿ ಸುಮಾರು 12ರಿಂದ 14 ಗಂಟೆಗೆ ತುತ್ತತುದಿ ಮುಟ್ಟುತ್ತವೆ. ತಾಯಿಯ ಬಿಪಿಯಿಂದ ಮಗುವಿನ ಲೆಕ್ಕ ಇಳಿದಿರಬಹುದು, ಉಸಿರುಗಟ್ಟಿದ್ದರಿಂದ ಐ/ಟಿ ಏರಿರಬಹುದು. ಗಂಟೆ ಗೊತ್ತಿಲ್ಲದ ಅಂಕಿಯನ್ನು ಅವರು ವರದಿ ಮಾಡುತ್ತಲೇ ಇರಲಿಲ್ಲ, ವಾರ್ಡಿಗೆ ಫೋನ್ ಮಾಡಿ ಕೇಳುತ್ತಿದ್ದರು.

ಕೈಪಿಡಿಯ ಕೊನೆಯ ಪುಟಗಳಲ್ಲಿ ಒಂದು ಸ್ಲೈಡಿನ ಚಿತ್ರವಿದೆ. ತಿಂಗಳು ತುಂಬದ ಮಗು, ಕಲ್ಚರ್‌ನಲ್ಲಿ ಆಮೇಲೆ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಆ ರಾತ್ರಿ ಸ್ಲೈಡನ್ನು ಎಷ್ಟು ಸರಿಸಿದರೂ ಬಿಳಿಕಣವೇ ಸಿಗುತ್ತಿರಲಿಲ್ಲ. ಮೇಡಂ ಅದೇ ಟ್ಯೂಬಿನಿಂದ ಇನ್ನೊಂದು ಸ್ಮಿಯರ್ ಎಳೆದು, 100 ಕಣ ಪೂರ್ತಿಯಾಗುವ ತನಕ ಕಣ್ಣು ತೆಗೆಯಲಿಲ್ಲ. ಸಿಕ್ಕ ನ್ಯೂಟ್ರೋಫಿಲ್‌ಗಳಲ್ಲಿ ಬಹುಪಾಲು ಎಳೆಯವು. ಪ್ರಿಂಟ್‌ಗೆ ಕಾಯದೆ ಫೋನ್ ಮಾಡಿ, ಪಾಳಿ ಮುಗಿದ ಮೇಲೂ ಮುಂದಿನ ಮಾದರಿಗಾಗಿ ಉಳಿದರು. ಮಗು ಉಳಿಯಲಿಲ್ಲ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಮಾಡಬೇಕಾದ್ದೆಲ್ಲ ಆಗಿತ್ತು, ಆದರೂ ಉಳಿಯಲಿಲ್ಲ.

ಕಣ ಹೆಚ್ಚಿಸುವ ಔಷಧಿ ಕೊಡಬಹುದಿತ್ತಲ್ಲವೇ ಎಂದು ತಂದೆ ಕೇಳಿದ್ದರು. ಕೇಳಲೇಬೇಕಾದ ಪ್ರಶ್ನೆ ಅದು. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 280 ಶಿಶುಗಳ ಪೈಕಿ ಅಂಥ ಔಷಧಿಯಾದ ಜಿಎಂ-ಸಿಎಸ್‌ಎಫ್ ಪಡೆದವರಲ್ಲಿ ನ್ಯೂಟ್ರೋಫಿಲ್ ಬೇಗ ಏರಿತು, ಸೆಪ್ಸಿಸ್ ಇಲ್ಲದೆ ಬದುಕುಳಿದವರ ಪ್ರಮಾಣ ಮಾತ್ರ ಹೆಚ್ಚಲಿಲ್ಲ. 2011ರಲ್ಲಿ 3,493 ಶಿಶುಗಳ ಪ್ರಯೋಗ ಪ್ರತಿಕಾಯಗಳ ಔಷಧಿಯಾದ ಇಮ್ಯುನೊಗ್ಲಾಬ್ಯುಲಿನ್‌ನಿಂದಲೂ ಸಾವು ಅಥವಾ ಅಂಗವೈಕಲ್ಯ ತಗ್ಗದೆಂದು ತೋರಿಸಿತು. ಸಂಖ್ಯೆಯೊಂದೇ ಸಾಲದು. ಕೂಸಿನ ನ್ಯೂಟ್ರೋಫಿಲ್ ರಕ್ತನಾಳದ ಗೋಡೆಗೆ ಸರಿಯಾಗಿ ಅಂಟುವುದಿಲ್ಲ, ಸೋಂಕಿನ ಜಾಗಕ್ಕೆ ನಿಧಾನವಾಗಿ ಸಾಗುತ್ತದೆ, ಬ್ಯಾಕ್ಟೀರಿಯಾ ಹಿಡಿಯಲು ತನ್ನ ಡಿಎನ್ಎಯ ಬಲೆ ಬೀಸುವುದರಲ್ಲೂ ಹಿಂದೆ. ತಾಯಿಯ ಐಜಿಜಿ ಪ್ರತಿಕಾಯಗಳು ಬಹುಪಾಲು ಬಸಿರಿನ ಕೊನೆಯ ತಿಂಗಳುಗಳಲ್ಲಿ ದಾಟುವುದರಿಂದ ಬೇಗ ಹುಟ್ಟಿದ ಮಗುವಿಗೆ ಅದೂ ಕೊರತೆ. ನಮ್ಮ ಕೈಯಲ್ಲಿ ಉಳಿಯುವುದು ತೊಳೆದ ಕೈ, ತಾಯಿಹಾಲು, ಅನುಮಾನ ಬಂದ ಕೂಡಲೇ ಕಲ್ಚರ್ ಮತ್ತು ಆಂಟಿಬಯೋಟಿಕ್. ಮೊದಲ ಸ್ಕ್ರೀನ್ ಸರಿಯಿದ್ದರೂ ಮಗು ಮಂಕಾಗಿದ್ದರೆ ಚಿಕಿತ್ಸೆ ಕಾಯಬಾರದು. ಸೋಂಕನ್ನು ಸೂಚಿಸುವ ಪ್ರೋಟೀನ್ ಸಿಆರ್‌ಪಿ ಏರಲು 10–12 ಗಂಟೆ ಹಿಡಿಯುತ್ತದೆ, ಆಮೇಲೆ ಮತ್ತೊಮ್ಮೆ ನೋಡಬೇಕು.

ಮಗನ ಸ್ಲೈಡನ್ನು ಕಲಿಯುವವರಿಗಾಗಿ ಬಳಸಲು ಒಪ್ಪಿದ ಆ ತಂದೆತಾಯಿಗೆ ಕೈಮುಗಿಯುತ್ತೇವೆ. ಮೇಡಂ, ಕೈಪಿಡಿಯ ಜೊತೆ ಎಣಿಕೆಯ ಹಾಳೆಯೊಂದನ್ನು ಬೇರೆಯಾಗಿಯೇ ಹಾಕಿಸಿದ್ದೇವೆ, ಪ್ರತಿ ಲ್ಯಾಬಿನಲ್ಲೂ ಮೈಕ್ರೋಸ್ಕೋಪಿನ ಪಕ್ಕ ಅಂಟಿಸಲಿ ಎಂದು. ಅದು ನೀವು ರಿಜಿಸ್ಟರಿನ ಹಿಂಬದಿಯಲ್ಲಿ ಬರೆದಿಟ್ಟ ಪಟ್ಟಿ, ಒಂದಕ್ಷರ ಬದಲಿಸಿಲ್ಲ.