ಪೆಟ್ಟಿಗೆ ಮೇಲೆ 304, ಒಳಗೆ ಮೊಂಡು ಚಾಕು: ಹಣ ವಾಪಸ್ ಕೇಳಿ ದೂರು

ಗೆ,
ಗ್ರಾಹಕ ದೂರು ಅಧಿಕಾರಿಗಳು

ವಿಷಯ: ಮೂರು ಚಾಕುಗಳ ಸೆಟ್‌ನ ಪೆಟ್ಟಿಗೆ ಮೇಲೆ ಸ್ಟೀಲ್ ಬಗ್ಗೆ ತಪ್ಪು ಮಾಹಿತಿ; 1,149 ರೂಪಾಯಿ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಮೈಸೂರಿನಲ್ಲಿ ಮನೆಯಿಂದಲೇ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವ ಕೆಲಸ ನನ್ನದು. ದಿನಕ್ಕೆ ಮೂರು ಕೆಜಿ ಈರುಳ್ಳಿ, ಎರಡು ಕೆಜಿ ಟೊಮೆಟೊ, ಅದರ ಮೇಲೆ ಹುರುಳಿಕಾಯಿ, ಕ್ಯಾರೆಟ್ಟು. ಕಳೆದ ತಿಂಗಳು ನಿಮ್ಮ ವೆಬ್‌ಸೈಟಿನಿಂದಲೇ ಚಾಕು ಸೆಟ್ ತರಿಸಿದೆ. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ "304 ಫುಡ್ ಗ್ರೇಡ್ ಹೈ ಕಾರ್ಬನ್ ಜರ್ಮನ್ ಸ್ಟೀಲ್" ಎಂದಿತ್ತು. 304 ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಒಂದು ಗ್ರೇಡ್.

ಮೊದಲ ನಾಲ್ಕು ದಿನ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಐದನೇ ದಿನ ಟೊಮೆಟೊ ಸಿಪ್ಪೆ ಮೇಲೆ ಜಾರಲು ಶುರುವಾಯಿತು. ಒತ್ತಿದರೆ ಹಣ್ಣು ಅಪ್ಪಚ್ಚಿ, ರಸ ಬೀಜ ಎಲ್ಲಾ ಮಣೆ ಮೇಲೆ. ಸಾಣೆ ಹಿಡಿಸಿದೆ. ಎರಡು ದಿನ ಬಂತು, ಮತ್ತೆ ಅದೇ ಕಥೆ. ಎರಡನೇ ಸಲ ಸಾಣೆಯವರು ಅಲಗನ್ನು ಹೆಬ್ಬೆರಳಲ್ಲಿ ಸವರಿ ನೋಡಿ, "ಅಮ್ಮಾ, ಇದಕ್ಕೆ ಹದ ಇಲ್ಲ, ಬಾಯಿ ನಿಲ್ಲಲ್ಲ" ಅಂದರು. ದುಡ್ಡೂ ತೆಗೆದುಕೊಳ್ಳಲಿಲ್ಲ. ಆಮೇಲೆ ಒಂದು ದಿನ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಿಟ್ಟು, ಊಟ ಮುಗಿಸಿ ಬರುವಷ್ಟರಲ್ಲಿ ಹಿಡಿಯ ಹತ್ತಿರ ಸಾಸಿವೆ ಕಾಳಿನಷ್ಟು ಮೂರು ತುಕ್ಕಿನ ಚುಕ್ಕೆ.

ನಿಮ್ಮ ಕಸ್ಟಮರ್ ಕೇರ್‌ಗೆ ಬರೆದೆ. ಒಂಬತ್ತು ದಿನ ಸದ್ದಿಲ್ಲ. ಕೊನೆಗೆ ಬಂದ ಉತ್ತರ: "304 ಗ್ರೇಡ್‌ಗೆ ತುಕ್ಕು ಹಿಡಿಯುವುದಿಲ್ಲ, ನೀವು ಡಿಶ್‌ವಾಷರ್‌ನಲ್ಲಿ ತೊಳೆದಿರಬೇಕು, ಏಳು ದಿನದ ರಿಟರ್ನ್ ಅವಧಿಯೂ ಮುಗಿದಿದೆ." ನಮ್ಮನೆಯಲ್ಲಿ ಡಿಶ್‌ವಾಷರ್ ಅಂದರೆ ನಾನೇ ಸ್ವಾಮಿ.

ಆ 304 ವಿಚಾರಕ್ಕೇ ಬರೋಣ. ನನ್ನ ಊಟದ ಡಬ್ಬಿಗಳು 304. ಅದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು ಶೇ. 18, ನಿಕ್ಕಲ್ ಶೇ. 8. ಪಾತ್ರೆ ಅಂಗಡಿಯಲ್ಲಿ 18/8 ಅನ್ನುವುದು ಇದನ್ನೇ. ಫ್ರಿಜ್ ಮೇಲಿದ್ದ ಆಯಸ್ಕಾಂತ ತಂದು ಡಬ್ಬಿಗೆ ಇಟ್ಟೆ, ಜಾರಿ ಬಿತ್ತು. ನಿಮ್ಮ ಚಾಕುವಿಗೆ ಇಟ್ಟೆ, ಟಪ್ ಅಂತ ಅಂಟಿತು. ಅಲ್ಲಾಡಿಸಿದರೂ ಬೀಳಲಿಲ್ಲ. 304 ಅನ್ನು ಒತ್ತಿ ಬಗ್ಗಿಸಿದ ಕಡೆ ಆಯಸ್ಕಾಂತ ಸ್ವಲ್ಪ ಎಳೆಯುತ್ತದೆ, ಅದು ನನಗೂ ಗೊತ್ತು. ಇದು ಆ ತರಹದ್ದಲ್ಲ.

ಒಂದು ವೇಳೆ ನಿಜವಾಗಲೂ 304 ಆಗಿದ್ದರೆ ಇನ್ನೂ ಫಜೀತಿ. 304ರಲ್ಲಿ ಕಾರ್ಬನ್ ಶೇ. 0.08 ದಾಟುವುದಿಲ್ಲ. ಎಷ್ಟು ಕಾಯಿಸಿ ನೀರಿಗೆ ಅದ್ದಿ ಹದ ಮಾಡಿದರೂ ಅದು ಗಟ್ಟಿಯಾಗುವುದಿಲ್ಲ. ಪಾತ್ರೆಗೆ ಸರಿ, ಚಾಕುವಿಗೆ ಅಲ್ಲ. ಅದರ ಪಕ್ಕದಲ್ಲೇ "ಹೈ ಕಾರ್ಬನ್" ಅಂತ ಹೇಗೆ ಬರೆದಿರಿ? ಸಕ್ಕರೆ ಹಾಕದ ಮೈಸೂರು ಪಾಕ್ ಅಂದ ಹಾಗಾಯಿತು. ಇನ್ನು "ಜರ್ಮನ್ ಸ್ಟೀಲ್" ಅನ್ನುವುದು ಗ್ರೇಡೇ ಅಲ್ಲ. ಜರ್ಮನಿಯ ಅಡುಗೆಮನೆ ಚಾಕುಗಳಲ್ಲಿ ಜಾಸ್ತಿ ಕಾಣುವ 1.4116 ಎಂಬ ಗ್ರೇಡ್ ನೋಡಿ. ಅದರ ಇನ್ನೊಂದು ಹೆಸರು X50CrMoV15. 50 ಅಂದರೆ ಕಾರ್ಬನ್ ಸುಮಾರು ಶೇ. 0.5, 15 ಅಂದರೆ ಕ್ರೋಮಿಯಂ ಶೇ. 15. ಜಾತಕ ಹೆಸರಲ್ಲೇ ಇದೆ. ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದೇನೂ ಇಲ್ಲ. ಹಿಂಬದಿ ಸಣ್ಣ ಅಕ್ಷರದಲ್ಲಿ ತಯಾರಾದ ದೇಶ ಚೀನಾ ಎಂದಷ್ಟೇ ಇದೆ. ಅದಕ್ಕೆ ನನ್ನ ತಕರಾರಿಲ್ಲ, ಒಳ್ಳೆಯ ಚಾಕು ಸ್ಟೀಲ್ ಅಲ್ಲೂ ತಯಾರಾಗುತ್ತದೆ.

ಇದು 420 ಜಾತಿಯ ಸ್ಟೀಲ್, ಹದವೂ ಸರಿಯಾಗಿ ಆಗಿಲ್ಲ ಎಂದು ನನ್ನ ಅಂದಾಜು. 420ರಲ್ಲಿ ಕ್ರೋಮಿಯಂ ಶೇ. 12ರಿಂದ 14 ಅಷ್ಟೇ. ನಿಂಬೆ, ಉಪ್ಪು ಸೇರಿದರೆ ಚುಕ್ಕೆ ಬೀಳುತ್ತದೆ. 420 ಕೆಟ್ಟದ್ದು ಅನ್ನುತ್ತಿಲ್ಲ. ಮಾರ್ಕೆಟ್‌ನಲ್ಲಿ 120 ರೂಪಾಯಿಗೆ ತಂದ ನನ್ನ ಸಣ್ಣ ಚಾಕುವೂ ಬಹುಶಃ ಅದೇ. ಉಪ್ಪಿನಕಾಯಿ ಭರಣಿಯ ತಳಕ್ಕೆ ನಾಲ್ಕು ಸಲ ಉಜ್ಜಿದರೆ ವಾರ ಓಡುತ್ತದೆ. ಅದು ತಾನು ಜರ್ಮನ್ ಅಂತ ಎಲ್ಲೂ ಹೇಳಿಕೊಂಡಿಲ್ಲ.

ಹಾಗಾಗಿ ನನಗೆ 1,149 ರೂಪಾಯಿ ಪೂರ್ತಿ ವಾಪಸ್ ಬೇಕು. ಕೂಪನ್ ಬೇಡ. ಈ ಅಲಗಿನ ನಿಜವಾದ ಗ್ರೇಡ್ ಯಾವುದು, ಗಡಸುತನ ಎಷ್ಟು ಎಂದು ಬರಹದಲ್ಲಿ ತಿಳಿಸಿ. ವೆಬ್‌ಸೈಟಿನಲ್ಲಿರುವ ಆ ಸಾಲನ್ನೂ ತೆಗೆಯಿರಿ. ಏಳು ದಿನದ ಲೆಕ್ಕ ಮನಸ್ಸು ಬದಲಾಯಿಸಿದವರಿಗೆ ಇರಲಿ, ತಪ್ಪು ಬರೆದು ಮಾರಿದ ಮಾಲಿಗೆ ಅದು ಒಪ್ಪುವುದಿಲ್ಲ, ಅಲ್ವಾ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇನೆ.

ಬಿಲ್, ಪೆಟ್ಟಿಗೆಯ ಫೋಟೊ, ಆಯಸ್ಕಾಂತದ ವಿಡಿಯೊ ಜೊತೆಗಿವೆ. ಚಾಕುಗಳನ್ನು ತೊಳೆದು ಒರೆಸಿ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಕೊರಿಯರ್‌ನವರನ್ನು ಕಳಿಸಿ. ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಮಾತ್ರ ಬೇಡ, ಡಬ್ಬಿ ಕಟ್ಟುವ ಹೊತ್ತು.

ಇಂತಿ,
ನಿಮ್ಮ ಗ್ರಾಹಕಿ
ಮೈಸೂರು